ಆಲಿ ಬಾರದಿದ್ದರೂ ಬೋನ್‌ಲೆಸ್ ಬರುತ್ತದೆ

ಪ್ರಶ್ನೆ: ನನಗೆ 36 ವರ್ಷ. ಉಡುಪಿಯ ಕಿನ್ನಿಮೂಲ್ಕಿಯಲ್ಲಿ ಮನೆ. ದುಬೈಯಲ್ಲಿರುವ ಭಾವ ಕಳೆದ ವರ್ಷ ಬರುವಾಗ ಹಳೆ ಮಾದರಿಯ ಒಂದು ಸ್ಕೇಟ್‌ಬೋರ್ಡ್ ತಂದುಕೊಟ್ಟರು. 10 ಇಂಚು ಅಗಲ, ಹಿಂದೆ ದೊಡ್ಡ ಬಾಲ, ಮುಂದೆ ಗಿಡ್ಡ ಮೂತಿ, ದಪ್ಪ ಚಕ್ರ. ಸೀದಾ ಹೋಗಲು, ತಿರುಗಿಸಲು ಕಲಿತಿದ್ದೇನೆ. ಆರು ತಿಂಗಳಿಂದ ಆಲಿ (ಕೈ ಹಚ್ಚದೆ ಬೋರ್ಡ್ ಸಮೇತ ಮೇಲಕ್ಕೆ ಹಾರುವುದು) ಪ್ರಯತ್ನ ಮಾಡುತ್ತಿದ್ದೇನೆ, ಬೋರ್ಡ್ ನೆಲ ಬಿಟ್ಟು ಏಳುವುದೇ ಇಲ್ಲ. 80ರ ದಶಕದ ವಿಡಿಯೋಗಳಲ್ಲಿ ಒಂದು ಕಾಲು ನೆಲಕ್ಕೆ ಕೊಟ್ಟು ಬೋರ್ಡ್ ಸಮೇತ ನೆಗೆಯುವ ಬೋನ್‌ಲೆಸ್, ನೋ ಕಂಪ್ಲೈ ಅಂತ ಟ್ರಿಕ್ ನೋಡಿದೆ, ಆಸೆ ಆಯಿತು. ಆಲಿ ಬಾರದೆ ಅವು ಬರುತ್ತವೆಯೇ? ಎಲ್ಲಿಂದ ಶುರು ಮಾಡಬೇಕು? ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ. ಮಳೆಗಾಲದಲ್ಲಿ ಏನು ಮಾಡಲಿ? ಒಂಬತ್ತು ವರ್ಷದ ಮಗಳೂ ಕಲಿಯುತ್ತೇನೆ ಅನ್ನುತ್ತಿದ್ದಾಳೆ.

ಉತ್ತರ: ಖಂಡಿತ ಬರುತ್ತವೆ. ಆಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಹತ್ತಿರ ಇರುವ ಬೋರ್ಡ್ ಆಲಿ ಹೊಡೆಯಲು ಮಾಡಿದ್ದೇ ಅಲ್ಲ. ಈಗಿನ ಬೋರ್ಡುಗಳು 8 ಇಂಚಿನ ಆಸುಪಾಸು ಅಗಲ, ಹಗುರ, ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ಮುಂಗಾಲನ್ನು ಮೇಲಕ್ಕೆ ಉಜ್ಜಿಕೊಂಡು ಹೋಗಿ ಬೋರ್ಡನ್ನು ಎಳೆಯಲು ಆ ಮುಂದಿನ ಬಾಗು ಬೇಕು. ನಿಮ್ಮದರಲ್ಲಿ ಅದು ಹೆಸರಿಗೆ ಮಾತ್ರ, ಮೇಲಾಗಿ ಬೋರ್ಡೇ ಭಾರ. ಅದರಲ್ಲಿ ಆಲಿ ಹೊಡೆಯುವವರು ಇಲ್ಲ ಅಂತಲ್ಲ. ಆದರೆ ಅದನ್ನೇ ಇಟ್ಟುಕೊಂಡು ಮೊದಲ ಆಲಿ ಕಲಿಯುವುದು ಸುಮ್ನೆ ತ್ರಾಸ. ತಪ್ಪು ನಿಮ್ಮ ಕಾಲಿನದ್ದಲ್ಲ.

ಆಲಿ ಬಾರದವನು ಸ್ಕೇಟರೇ ಅಲ್ಲ ಅನ್ನುವ ಮಾತು ಹುಡುಗರ ಬಾಯಲ್ಲಿ ಜಾಸ್ತಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ಆಟ ಶುರುವಾದದ್ದು 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಅಲೆ ಇಲ್ಲದ ದಿನ ಸರ್ಫಿಂಗ್ ಹುಡುಗರು ಹೊತ್ತು ಕಳೆಯಲು ಆಡಿದ್ದು. 1970ರ ದಶಕದ ಮೊದಲಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಚಕ್ರ ತಂದ ಮೇಲೆ ಬೋರ್ಡ್ ರಸ್ತೆಯನ್ನು ಕಚ್ಚಿ ಹಿಡಿಯತೊಡಗಿತು. ಅಲನ್ ಗೆಲ್‌ಫ್ಯಾಂಡ್ ಆಲಿ ಕಂಡುಕೊಂಡದ್ದು ಆ ದಶಕದ ಕೊನೆಗೆ, ಫ್ಲೋರಿಡಾದಲ್ಲಿ. ಅದೂ ಈಜುಕೊಳದಂಥ ಬಾಗಿದ ಗೋಡೆಯ ಮೇಲೆ. ಸಪಾಟು ನೆಲದ ಮೇಲೆ ಅದನ್ನು ರಾಡ್ನಿ ಮುಲ್ಲೆನ್ ಮಾಡಿ ತೋರಿಸಿದ್ದು 1982ರಲ್ಲಿ. ಅಲ್ಲಿಯವರೆಗೆ ಜನ ಸುಮ್ಮನೆ ಕೂತಿರಲಿಲ್ಲ, ಅಲ್ವಾ? ಬೋರ್ಡ್ ನೆಲ ಬಿಟ್ಟು ಏಳಬೇಕೆಂದರೆ ಕೈಯಲ್ಲಿ ಹಿಡಿದು ಎತ್ತುತ್ತಿದ್ದರು, ಇಲ್ಲವೇ ಒಂದು ಕಾಲು ನೆಲಕ್ಕೆ ಕೊಟ್ಟು ನೆಗೆಯುತ್ತಿದ್ದರು. ಆಲಿ ಬಂದ ಮೇಲೂ ಆ ದಾರಿ ಮುಚ್ಚಿಹೋಗಲಿಲ್ಲ. ಬೋನ್‌ಲೆಸ್ ಅನ್ನು ಚಾಲ್ತಿಗೆ ತಂದ ಗ್ಯಾರಿ ಸ್ಕಾಟ್ ಡೇವಿಸ್, ನೋ ಕಂಪ್ಲೈ ಶುರು ಮಾಡಿದ ನೀಲ್ ಬ್ಲೆಂಡರ್, ಅದನ್ನು 80ರ ದಶಕದ ಕೊನೆಗೆ ಬೀದಿಯಲ್ಲಿ ಅಷ್ಟು ಚಂದ ಮಾಡಿ ತೋರಿಸಿದ ರೇ ಬಾರ್ಬಿ, ಇವರೆಲ್ಲ ನಡೆದದ್ದು ಅದೇ ದಾರಿಯಲ್ಲಿ. ನೀವು ನೋಡಿದ ವಿಡಿಯೋಗಳೂ ಆ ಕಾಲದವೇ ಇರಬೇಕು.

ಹಾಗಾಗಿ ನಾನು ಹೇಳುವುದು ಒಂದೇ. ಹಳೆ ಟ್ರಿಕ್‌ಗಳಲ್ಲಿ ಬೋರ್ಡಿನ ಮೇಲೆ ನಿಲ್ಲುವುದಕ್ಕಿಂತ ಬೋರ್ಡಿನಿಂದ ಇಳಿಯುವುದು ದೊಡ್ಡ ವಿದ್ಯೆ. ಓಡುತ್ತಿರುವ ಬೋರ್ಡಿನಿಂದ ಒಂದು ಕಾಲು ನೆಲಕ್ಕಿಟ್ಟು, ಆಯ ತಪ್ಪದೆ, ಮತ್ತೆ ಹತ್ತುವುದು ಬಂದರೆ ಬೋನ್‌ಲೆಸ್‌ನ ಅರ್ಧ ಭಾಗ ಬಂದ ಹಾಗೆ. ನೋ ಕಂಪ್ಲೈ, ಫಾಸ್ಟ್‌ಪ್ಲಾಂಟ್ ಎಲ್ಲದರದ್ದೂ ಬುಡ ಅಲ್ಲೇ ಇರುವುದು. ಬೀಳದೆ ತಪ್ಪಿಸಿಕೊಳ್ಳುವ ಉಪಾಯವೂ ಅದೇ. ನಿಮ್ಮ ವಯಸ್ಸಿಗೆ ಈ ಕೊನೆಯದ್ದು ಮುಖ್ಯ.

ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್‌ಗಳನ್ನು ಗಮನಿಸಿ. ಸ್ಟೇಟ್ ಬ್ಯಾಂಕ್ ಹತ್ತಿರ ಬಸ್ ನಿಲ್ಲುವ ಮೊದಲೇ ಇಳಿಯುತ್ತಾರೆ. ಮುಖ ಬಸ್ ಹೋಗುವ ದಿಕ್ಕಿಗೆ, ಇಳಿಯುವ ಪಾದವೂ ಅದೇ ದಿಕ್ಕಿಗೆ, ನೆಲ ಮುಟ್ಟಿದ ಕೂಡಲೇ ಎರಡು ಹೆಜ್ಜೆ ಓಟ. ಅಡ್ಡಕ್ಕೆ ಕಾಲಿಟ್ಟರೆ ಮೂತಿ ಅಡಿಗೆ. ಬೋರ್ಡಿನದ್ದೂ ಅದೇ ಲೆಕ್ಕ. ಎಡಗಾಲು ಮುಂದಿಟ್ಟು ನಿಲ್ಲುವವರು ನೀವು ಅಂತ ಇಟ್ಟುಕೊಳ್ಳಿ. (ಬಲಗಾಲು ಮುಂದಿದ್ದರೆ ಇನ್ನು ಮುಂದೆ ನಾನು ಹೇಳುವುದನ್ನೆಲ್ಲ ಎಡಬಲ ಬದಲಿಸಿ ಓದಿ.) ನಡೆಯುವ ವೇಗದಲ್ಲಿ ಹೋಗುತ್ತಾ ಎಡಗಾಲನ್ನು ಹಿಮ್ಮಡಿ ಕಡೆಯ ಅಂಚಿನಿಂದ, ಅಂದರೆ ನಿಮ್ಮ ಬೆನ್ನಿನ ಬದಿಗೆ, ನೆಲಕ್ಕಿಳಿಸಿ. ಬೆರಳುಗಳು ಆದಷ್ಟು ಮುಂದಕ್ಕೆ ನೋಡುತ್ತಿರಲಿ. ಬಲಗಾಲು ಬಾಲದ ಮೇಲೆ ಉಳಿಯಲಿ. ಮೊದಮೊದಲು ಬೋರ್ಡ್ ಅಲ್ಲೇ ನಿಂತುಬಿಡುತ್ತದೆ, ನಿಲ್ಲಲಿ. ಇಳಿಯಿರಿ, ನಿಲ್ಲಿ, ಹತ್ತಿ. ಹೀಗೆ ಒಂದು ವಾರ ಬೇರೆ ಏನೂ ಬೇಡ. ನೋಡುವವರಿಗೆ ನೀವು ಏನೂ ಮಾಡುತ್ತಿಲ್ಲ ಅನ್ನಿಸಬಹುದು. ಮೈಚಳಿ ಬಿಟ್ಟು ಮಾಡಿ.

ಇದರ ಜೊತೆಗೆ ಎರಡು ಸಣ್ಣ ಕೆಲಸ. ಒಂದು ಟಿಕ್‌ಟ್ಯಾಕ್: ಬಾಲದ ಮೇಲೆ ಸ್ವಲ್ಪ ಭಾರ ಬಿಟ್ಟು ಮುಂದಿನ ಚಕ್ರಗಳನ್ನು ಒಂದಿಂಚು ಎತ್ತಿ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಇಡುತ್ತಾ ಹೋಗುವುದು. ಭುಜ ಮೊದಲು ತಿರುಗಬೇಕು, ಸೊಂಟ ಹಿಂದೆ ಬರಬೇಕು. ಸರಿಯಾಗಿ ಮಾಡಿದರೆ ಕಾಲಿಂದ ನೆಲ ಒದೆಯದೆಯೇ ಬೋರ್ಡ್ ಮುಂದೆ ಹೋಗುತ್ತದೆ. ಇನ್ನೊಂದು ಹಿಪ್ಪಿ ಜಂಪ್: ಬೋರ್ಡ್ ನೆಲದಲ್ಲೇ ಓಡುತ್ತಿರುತ್ತದೆ, ನೀವು ಮಾತ್ರ ನೇರ ಮೇಲಕ್ಕೆ ಹಾರಿ ಅದರ ಮೇಲೆಯೇ ಇಳಿಯುವುದು. ಮುಂದಕ್ಕೆ ಹಾರಿದರೆ ಬೋರ್ಡ್ ಹಿಂದಕ್ಕೆ ಜಾರಿಹೋಗುತ್ತದೆ. ಎಲ್ಲರೂ ಮುಂದಕ್ಕೇ ಹಾರುತ್ತಾರೆ, ಯಾಕೆಂದರೆ ಕಣ್ಣು ಮುಂದಿನ ಕಂಬದ ಮೇಲೆ ಇರುತ್ತದೆ. ನೇರ ಮೇಲೆ ಹಾರುವ ಈ ಅಭ್ಯಾಸ ಮುಂದೆ ಬೋನ್‌ಲೆಸ್‌ಗೆ ಬೇಕಾಗುತ್ತದೆ.

ಈಗ ಬೋನ್‌ಲೆಸ್. ನೋಡಲು ಒಂದೇ ಏಟಿಗೆ ಆದಂತೆ ಕಾಣುತ್ತದೆ, ಒಳಗೆ ನಾಲ್ಕು ಕೆಲಸಗಳಿವೆ. ಮೊದಲು ನಿಂತಲ್ಲೇ ಮಾಡಿ, ಹುಲ್ಲಿನ ಮೇಲೋ ಹಳೆ ಚಾಪೆಯ ಮೇಲೋ.

ಬಲಗಾಲು ಬಾಲದ ಮೇಲೆ. ಎಡಗಾಲು ಮುಂದಿನ ಬೋಲ್ಟ್‌ಗಳ ಸ್ವಲ್ಪ ಹಿಂದೆ, ಹಿಮ್ಮಡಿ ಅಂಚಿನ ಆಚೆಗೆ ಸ್ವಲ್ಪ ಹೊರಗೆ. ಕುಕ್ಕರಗಾಲಿಗೆ ಇಳಿಯಿರಿ. ಬಲಗೈಯನ್ನು ಎರಡು ಕಾಲುಗಳ ನಡುವಿನ ಜಾಗಕ್ಕೆ ತಂದು ಕಾಲ್ಬೆರಳಿನ ಕಡೆಯ ಅಂಚನ್ನು ಹಿಡಿಯಿರಿ, ಕೈಯ ನಾಲ್ಕು ಬೆರಳು ಅಡಿಗೆ, ಹೆಬ್ಬೆರಳು ಮೇಲೆ. ಬಹಳ ಜನ ಸೋಲುವುದು ಇಲ್ಲೇ. ಮಂಡಿ ಮಡಚುವ ಬದಲು ಸೊಂಟ ಬಗ್ಗಿಸುತ್ತಾರೆ. ಸೊಂಟ ಬಗ್ಗಿದರೆ ತಲೆ ಬೋರ್ಡಿನಿಂದ ಆಚೆ ಹೋಗುತ್ತದೆ, ತಲೆ ಹೋದ ಕಡೆ ಮೈ ಹೋಗುತ್ತದೆ. ಕಮೋಡಿಗೆ ಅಭ್ಯಾಸವಾದ ಮೇಲೆ ನಮ್ಮ ಮಂಡಿಗಳು ಪೂರ್ತಿ ಮಡಚುವುದನ್ನೇ ಮರೆತಿವೆ. ಕೈ ಅಂಚಿಗೆ ಮುಟ್ಟದಿದ್ದರೆ ದಿನಾ ಬೆಳಿಗ್ಗೆ ಪೇಪರ್ ಓದುವಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತು ಓದಿ. ಹಿಮ್ಮಡಿ ನೆಲ ಬಿಡಬಾರದು.

ಅಂಚು ಹಿಡಿದಾಯಿತು. ಈಗ ಎಡಗಾಲು ಹಿಂದಿನಿಂದ ಜಾರಿ ನೆಲಕ್ಕೆ ಬರಲಿ, ಮುಂದಿನ ಚಕ್ರದ ಪಕ್ಕದಲ್ಲೇ. ತೀರಾ ಹಿಂದೆ ಇಟ್ಟರೆ ಬೋರ್ಡ್ ನಿಮ್ಮನ್ನು ಬಿಟ್ಟು ಮುಂದೆ ಓಡುತ್ತದೆ. ಕಾಲು ನೆಲ ಮುಟ್ಟುವುದೂ ಕೈ ಬೋರ್ಡನ್ನು ಮೇಲಕ್ಕೆ ಎಳೆಯುವುದೂ ಒಂದೇ ಹೊತ್ತಿಗೆ ಆಗಬೇಕು. ಬೋರ್ಡ್ ಬಲಪಾದಕ್ಕೆ ಒತ್ತಿಕೊಂಡೇ ಇರಬೇಕು. ಕೈ ಮೇಲಕ್ಕೆ ಎಳೆಯುತ್ತದೆ, ಪಾದ ಕೆಳಕ್ಕೆ ಒತ್ತುತ್ತದೆ, ಈ ಎರಡರ ನಡುವೆ ಬೋರ್ಡ್ ಸಿಕ್ಕಿಕೊಂಡಿರುತ್ತದೆ. ಆಮೇಲೆ ನೆಲದಲ್ಲಿರುವ ಎಡಗಾಲಿನಿಂದ ನೆಗೆತ. ಎಡ ಮಂಡಿಯನ್ನು ಎದೆಯ ಕಡೆಗೆ ಎತ್ತಿ, ಪಾದವನ್ನು ಮುಂದಿನ ಬೋಲ್ಟ್‌ಗಳ ಮೇಲೆ ತಂದಿಡಿ. ಪಾದ ಸರಿಯಾಗಿ ಕೂತ ಮೇಲೆ ಕೈ ಬಿಡಿ. ನಾಲ್ಕು ಚಕ್ರಗಳೂ ಒಟ್ಟಿಗೆ ನೆಲಕ್ಕೆ, ಮಂಡಿ ಮಡಚಿ.

ಕೈಯನ್ನು ಬೇಗ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಕಾಲು ಬರುವ ಮೊದಲೇ ಹಿಡಿತ ಬಿಟ್ಟರೆ ಬೋರ್ಡ್ ಅಂಚಿನ ಮೇಲೆ ಬೀಳುತ್ತದೆ, ನೀವು ಆ ಅಂಚಿನ ಮೇಲೆ ಇಳಿಯುತ್ತೀರಿ. ಕಾಲಿನ ಗಂಟು ಉಳುಕುವುದು ಹೀಗೇ. ಇನ್ನೊಂದು ತಪ್ಪು, ಭಾರವೆಲ್ಲ ಬಾಲದ ಮೇಲೆ ಹಾಕಿ ಇಳಿಯುವುದು. ಆಗ ಬೋರ್ಡ್ ಬಾಣದಂತೆ ಮುಂದೆ ಹಾರಿ ನೀವು ಕುಂಡೆ ಊರುತ್ತೀರಿ. ಎರಡಕ್ಕೂ ಮದ್ದು ಒಂದೇ: ನೆಗೆತ ಚಿಕ್ಕದಿರಲಿ. ಒಂದು ಇಟ್ಟಿಗೆಯನ್ನು ಮಲಗಿಸಿ ಇಟ್ಟಷ್ಟು ಎತ್ತರ ಸಾಕು. ಎತ್ತರ ತಾನಾಗಿಯೇ ಬರುತ್ತದೆ.

ನಿಂತಲ್ಲಿ ಬಂದ ಮೇಲೆ ನಡೆಯುವ ವೇಗದಲ್ಲಿ ಮಾಡಿ. ಆಶ್ಚರ್ಯ ಅನ್ನಿಸಬಹುದು, ನಿಂತು ಮಾಡುವುದಕ್ಕಿಂತ ಸ್ವಲ್ಪ ಓಡುವಾಗ ಸುಲಭ. ಬೋರ್ಡಿಗೆ ದಿಕ್ಕು ಇರುತ್ತದೆ, ಕಾಲಿಗೂ ನೆಗೆತಕ್ಕೆ ಒಂದು ದಮ್ಮು ಸಿಗುತ್ತದೆ. ಕೈ ಜಾರುತ್ತಿದ್ದರೆ ಬೋರ್ಡಿನ ಅಡಿಗೆ, ಅಂಚಿನ ಉದ್ದಕ್ಕೆ, ಪ್ಲಾಸ್ಟಿಕ್ ಪಟ್ಟಿ ಹಾಕಿಸಿ. ರೇಲ್ಸ್ ಅಂತ ಸಿಗುತ್ತವೆ. ಹಳೆ ಬೋರ್ಡುಗಳಲ್ಲಿ ಅವನ್ನು ನೋಡಿರುತ್ತೀರಿ, ಅಲಂಕಾರಕ್ಕೆ ಅಂತ ಅಂದುಕೊಂಡಿರುತ್ತೀರಿ. ಬೆರಳಿಗೆ ಹಿಡಿತ ಕೊಡುವುದು ಅವುಗಳ ದೊಡ್ಡ ಉಪಯೋಗ.

ನೋ ಕಂಪ್ಲೈನಲ್ಲಿ ಕೈ ಇಲ್ಲ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ, ಆದರೆ ಲಯ ಬೇರೆ. ಎಡಗಾಲು ಹಿಮ್ಮಡಿ ಹೊರಗಿಟ್ಟುಕೊಂಡು ಜಾರಿ ಇಳಿಯುತ್ತದೆ. ಭಾರ ಬಾಲಕ್ಕೆ ಹೋಗಿ ಬಾಲ ನೆಲಕ್ಕೆ ತಾಗಿ ಟಕ್ ಅನ್ನುತ್ತದೆ, ಮೂತಿ ಏಳುತ್ತದೆ. ಎದ್ದ ಬೋರ್ಡು ಬಲಗಾಲಿನ ಮಂಡಿಯ ಒಳಬದಿಗೆ ಒರಗಿದಂತೆ ಬರುತ್ತದೆ. ಆ ಕ್ಷಣಕ್ಕೆ ಎಡಗಾಲಿನಿಂದ ಸಣ್ಣ ನೆಗೆತ, ಬಲಗಾಲಿನಿಂದ ಬೋರ್ಡನ್ನು ಮುಂದಕ್ಕೆ ತಳ್ಳಿ ಅದರ ಮೇಲೆ ಇಳಿಯುವುದು. ಜೋರಾಗಿ ಬಾಲ ಹೊಡೆಯಬೇಡಿ. ಆಲಿಯ ಅಭ್ಯಾಸ ಇದ್ದವರು ಇಲ್ಲಿ ಜಾಸ್ತಿ ಒದೆಯುತ್ತಾರೆ. ಎಡಗಾಲು ಇಳಿದರೆ ಬೋರ್ಡ್ ತಾನಾಗಿ ಏಳುತ್ತದೆ, ಯಾಕೆಂದರೆ ಮುಂದಿನ ಭಾರ ಹೋಯಿತಲ್ಲ. ನಿಮ್ಮ ಉದ್ದ ಬಾಲ ಇಲ್ಲಿ ದೊಡ್ಡ ಅನುಕೂಲ. ಬೋನ್‌ಲೆಸ್ ಮೊದಲು ಕಲಿಯಿರಿ ಅಂತ ನಾನು ಹೇಳುವುದು ಯಾಕೆಂದರೆ ಅಲ್ಲಿ ಕೈ ಬೋರ್ಡನ್ನು ಹಿಡಿದಿರುತ್ತದೆ, ಇಲ್ಲಿ ಅಂದಾಜು ಮಾತ್ರ. ಕೆಲವರಿಗೆ ಇದೇ ಮೊದಲು ಬರುತ್ತದೆ, ಬಂದರೆ ಬರಲಿ.

ಫಾಸ್ಟ್‌ಪ್ಲಾಂಟ್ ಅಂದರೆ ಹಿಂದಿನ ಕಾಲು ನೆಲಕ್ಕೆ ಬಂದು, ಕೈ ಬೋರ್ಡ್ ಹಿಡಿಯುವುದು. ಬೋನ್‌ಲೆಸ್ ಗಟ್ಟಿಯಾದ ಮೇಲೆ ಅದು ಕಷ್ಟ ಅಲ್ಲ. ಕೇವ್‌ಮನ್ ಇನ್ನೂ ಸುಲಭ, ಬೋರ್ಡನ್ನು ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಓಡಿ, ಹಾರಿ, ಕಾಲ ಕೆಳಗೆ ಸೇರಿಸಿಕೊಂಡು ಇಳಿಯುವುದು. ಮಕ್ಕಳಿಗೆ ಇದು ಬಹಳ ಖುಷಿ.

ಇವೆಲ್ಲ 80ರ ದಶಕದ ಬೀದಿ, ರ‍್ಯಾಂಪಿನ ಕಡೆಯವು. ಅದಕ್ಕೂ ಹಿಂದಿನ, ಸಪಾಟು ನೆಲದ ಟ್ರಿಕ್‌ಗಳ ಇನ್ನೊಂದು ಗುಂಪಿದೆ, ಫ್ರೀಸ್ಟೈಲ್. ನಿಮ್ಮಂಥವರಿಗೆ ಅದರಲ್ಲಿ ಒಂದೆರಡು ಒಳ್ಳೆಯದು. ವಾಕ್ ದ ಡಾಗ್ ಎಂಬುದರಲ್ಲಿ ಮುಂದಿನ ಪಾದವನ್ನು ಬೋರ್ಡಿನ ನಡುವಿಗೆ ತಂದು ಅದನ್ನೇ ಗೂಟ ಮಾಡಿಕೊಂಡು, ಹಿಂದಿನ ಪಾದವನ್ನು ಮೂತಿಗೆ ದಾಟಿಸಿ, ಮೂತಿಯನ್ನು ಒತ್ತಿ ಸುತ್ತಿಸಿ ಹಿಂದಕ್ಕೆ ತರುವುದು. ಮೂತಿ ಬಾಲವಾಗುತ್ತದೆ, ಬಾಲ ಮೂತಿಯಾಗುತ್ತದೆ. ಮತ್ತೆ ಅದೇ. ಎರಡು ಚದರ ಮೀಟರ್ ಜಾಗ ಸಾಕು. ನಿಮ್ಮ ಗಿಡ್ಡ ಮೂತಿಯ ಬೋರ್ಡಿನಲ್ಲಿ ಸ್ವಲ್ಪ ಎಡವಟ್ಟು ಅನ್ನಿಸುತ್ತದೆ, ಆದರೂ ಆಗುತ್ತದೆ. ಶವ್‌ಇಟ್ ಇನ್ನೊಂದು: ನೀವು ಹಾರಿದಾಗ ಹಿಂದಿನ ಕಾಲು ಬೋರ್ಡನ್ನು ಹಿಂದಕ್ಕೆ ಬಾಚಿ ಅರ್ಧ ಸುತ್ತು ತಿರುಗಿಸುವುದು. ಅದು ನೆಲ ಬಿಟ್ಟು ಏಳಬೇಕಾಗಿಲ್ಲ, ಸುತ್ತಿದರೆ ಸಾಕು. ಕ್ಯಾಸ್ಪರ್, ರೇಲ್‌ಸ್ಟ್ಯಾಂಡ್ ಅಂತ ಬೋರ್ಡನ್ನು ಮಗುಚಿ ಅಥವಾ ಅಂಚಿನ ಮೇಲೆ ನಿಲ್ಲಿಸಿ ಮಾಡುವುದೂ ಇವೆ. ರೇಲ್‌ಸ್ಟ್ಯಾಂಡನ್ನು ಪ್ರೀಮೋ ಡೆಸಿಡೆರಿಯೋ ಎಂಬ ಆಟಗಾರನ ಹೆಸರಿನಲ್ಲಿ ಪ್ರೀಮೋ ಅಂತಲೂ ಕರೆಯುತ್ತಾರೆ. ನಿಮಗೆ ಸದ್ಯಕ್ಕೆ ಬೇಡ. ಜಾರಿದರೆ ಎಲ್ಲಿಗೆ ಪೆಟ್ಟಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ಮಾತಿಗೆ ಬರೋಣ. ನಿಮ್ಮ ಇಂಟರ್‌ಲಾಕ್ ಅಂಗಳ ಸಣ್ಣ ಗಟ್ಟಿ ಚಕ್ರಕ್ಕೆ ಶತ್ರು. ಒಂದೊಂದು ಕಲ್ಲಿನ ಸಂದಿಗೂ ಹಲ್ಲು ಕಟಕಟ ಅನ್ನುತ್ತದೆ. ನಿಮ್ಮ ದಪ್ಪ ಚಕ್ರದ ಬದಿಯಲ್ಲಿ ಒಂದು ಅಂಕಿ ಬರೆದಿರುತ್ತದೆ, 78ಎ, 85ಎ, 99ಎ ಹೀಗೆ. ಅಂಕಿ ಕಡಿಮೆ ಇದ್ದಷ್ಟು ಮೆತ್ತಗೆ. 78ರಿಂದ 85ರ ಒಳಗಿದ್ದು, 60 ಮಿಲಿಮೀಟರ್ ಆಸುಪಾಸು ವ್ಯಾಸ ಇದ್ದರೆ ಇಂಟರ್‌ಲಾಕ್ ಮೇಲೆ ಬೋನ್‌ಲೆಸ್ ಆರಾಮಾಗಿ ಆಗುತ್ತದೆ. ಸಣ್ಣ ಕಲ್ಲು ಸಿಕ್ಕಿದರೂ ದಾಟಿಕೊಂಡು ಹೋಗುತ್ತದೆ. ಆದರೆ ಮೆತ್ತನೆ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯುವುದರಿಂದ ಅಡ್ಡಕ್ಕೆ ಜಾರಿಸುವ ಪವರ್‌ಸ್ಲೈಡ್‌ನಂಥದ್ದು ಕಷ್ಟ. ಅದಕ್ಕೆ 97ರ ಮೇಲಿನ ಗಟ್ಟಿ ಚಕ್ರ, ನುಣುಪು ನೆಲ ಬೇಕು. ದಪ್ಪ ಚಕ್ರ ಇರುವಾಗ ಬೋರ್ಡಿಗೂ ಟ್ರಕ್ಕಿಗೂ (ಚಕ್ರ ಕೂರಿಸುವ ಲೋಹದ ಭಾಗ) ನಡುವೆ ರೈಸರ್ ಅನ್ನುವ ತೆಳು ಪ್ಯಾಡ್ ಇದೆಯಾ ನೋಡಿ. ಇಲ್ಲದಿದ್ದರೆ ಜೋರಾಗಿ ತಿರುಗುವಾಗ ಚಕ್ರ ಬೋರ್ಡಿಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಬೋರ್ಡ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಮಂಗಳೂರಿನಲ್ಲಿ ಕಾಂಕ್ರೀಟ್ ರಸ್ತೆಗೆ ಬರವಿಲ್ಲ, ಹಾಗಂತ ಅಲ್ಲಿ ಕಲಿಯಲು ಹೋಗಬೇಡಿ. ವಾಹನ ಒಂದು ಕಡೆ, ಆ ಕಾಂಕ್ರೀಟಿಗೆ ಟಯರ್ ಜಾರದಂತೆ ಗೀರು ಎಳೆದಿರುತ್ತಾರೆ ಅನ್ನುವುದು ಇನ್ನೊಂದು ಕಡೆ. ಬಿದ್ದರೆ ಚರ್ಮ ತುರಿದುಹೋಗುತ್ತದೆ. ಮಣಿಪಾಲದ ಇಳಿಜಾರುಗಳ ಆಸೆಯೂ ಬೇಡ. ಮಲ್ಪೆ ಸೀ ವಾಕ್‌ನಲ್ಲಿ ಸಂಜೆ ಜನ, ಮಕ್ಕಳು, ಚರುಮುರಿ. ಭಾನುವಾರ ಬೆಳಿಗ್ಗೆ ಬೇಗ ಖಾಲಿ ಇರುವ ಯಾವುದಾದರೂ ಪಾರ್ಕಿಂಗ್ ಜಾಗ, ಕೇಳಿಕೊಂಡು ಬಳಸುವುದಾದರೆ, ಎಲ್ಲಕ್ಕಿಂತ ಒಳ್ಳೆಯದು.

ಮಳೆಗಾಲಕ್ಕೆ ನಮ್ಮ ಕರಾವಳಿಯ ಮನೆಗಳಲ್ಲೇ ಉತ್ತರ ಇದೆ: ಶೀಟ್ ಹಾಕಿದ ತಾರಸಿ. ಮಳೆ ನೀರು ಸೋರದಿರಲಿ, ಅಡಿಕೆ, ಬಟ್ಟೆ ಒಣಗಲಿ ಅಂತ ಹಾಕಿಸಿದ್ದು. ಕೆಳಗೆ ಸಿಮೆಂಟ್ ನೆಲ, ಮೇಲೆ ಸೂರು. ಫ್ರೀಸ್ಟೈಲ್ ಟ್ರಿಕ್‌ಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಮೂರು ವಿಷಯ ನೋಡಿಕೊಳ್ಳಿ. ಶೀಟಿನ ಕಬ್ಬಿಣದ ಕಂಬಗಳಿಗೆ ಎದೆಯ ಎತ್ತರದವರೆಗೆ ಹಳೆ ಹಾಸಿಗೆಯನ್ನೋ ಫೋಮನ್ನೋ ಸುತ್ತಿ. ಪ್ಯಾರಪೆಟ್ ಗೋಡೆಯ ಕಡೆ ಮುಖ ಮಾಡಿ ಓಡಿಸಬೇಡಿ, ಯಾವಾಗಲೂ ಅದಕ್ಕೆ ಸಮಾನಾಂತರವಾಗಿ, ಮಧ್ಯದಲ್ಲೇ ಇರಿ. ಗೋಡೆ ಸೊಂಟಕ್ಕಿಂತ ಗಿಡ್ಡ ಇದ್ದರೆ ಓಡಿಸಲೇ ಬೇಡಿ, ನಿಂತಲ್ಲಿ ಮಾಡುವುದನ್ನು ಮಾತ್ರ ಮಾಡಿ. ಮತ್ತೆ, ಬಾಲ ನೆಲಕ್ಕೆ ಬಡಿಯುವ ಸದ್ದು ಕೆಳಗಿನ ಕೋಣೆಗೆ ಸುತ್ತಿಗೆಯಲ್ಲಿ ಹೊಡೆದಂತೆ ಕೇಳುತ್ತದೆ. ಮಧ್ಯಾಹ್ನ ಊಟವಾಗಿ ಅತ್ತೆ ಮಲಗಿರುವ ಹೊತ್ತಿಗೆ ನೋ ಕಂಪ್ಲೈ ಅಭ್ಯಾಸ ಮಾಡಿದರೆ ಬೋರ್ಡ್ ಮನೆಯಲ್ಲಿ ಉಳಿಯುವುದಿಲ್ಲ.

ತಾರಸಿ ಸಾಲದಿದ್ದರೆ ಇನ್ನೊಂದು ದಾರಿ. ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇರುವುದಿಲ್ಲ, ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ ಮದುವೆ ಹಾಲ್‌ಗಳು ಹೆಚ್ಚಾಗಿ ಖಾಲಿ. ಕಾರು ನಿಲ್ಲುವ ಪೋರ್ಟಿಕೊ, ಕೆಳಗಿನ ಊಟದ ಹಾಲ್ ಹೊರಗಿನ ಜಗಲಿ ಎಲ್ಲ ಸೂರಿನ ಅಡಿಗೆ. ಮ್ಯಾನೇಜರ್ ಪರಿಚಯ ಇದ್ದರೆ ಒಂದು ಮಾತು ಕೇಳಿ ನೋಡಿ. ಟೈಲ್ಸ್ ಒಡೆಯುವುದಿಲ್ಲ ಅಂತ ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಪಾಲಿಶ್ ಟೈಲ್ಸ್ ಇದ್ದರೆ ನೀವೇ ಬಿಟ್ಟುಬಿಡಿ, ಸ್ವಲ್ಪ ತೇವ ಆದರೂ ಅದು ಎಣ್ಣೆ ಹಚ್ಚಿದ ಹಾಗೆ.

ತೇವ ಅಂದ ಕೂಡಲೇ ಹಾವಸೆಯ ವಿಷಯ ಹೇಳಲೇಬೇಕು. ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಇಲ್ಲಿ ಸಿಮೆಂಟು, ಇಂಟರ್‌ಲಾಕ್ ಎಲ್ಲದರ ಮೇಲೂ ತೆಳ್ಳಗೆ ಹಸಿರು ಕಟ್ಟುತ್ತದೆ. ಮೋಸ ಇರುವುದು ಸೆಪ್ಟೆಂಬರ್‌ನಲ್ಲಿ. ಬಿಸಿಲು ಬಿದ್ದು ನೆಲ ಒಣಗಿದಂತೆ ಕಾಣುತ್ತದೆ, ಹಸಿರು ಕಪ್ಪಾಗಿ ಕಣ್ಣಿಗೆ ಬೀಳುವುದಿಲ್ಲ. ಚಕ್ರ ಅದರ ಮೇಲೆ ಹೇಗೋ ಹೋಗುತ್ತದೆ. ಬೋನ್‌ಲೆಸ್‌ಗೆ ಅಂತ ಇಳಿಸಿದ ಕಾಲು ಮಾತ್ರ ಜಾರುತ್ತದೆ, ಅದೂ ಪೂರ್ತಿ ಮೈಭಾರ ಆ ಒಂದು ಕಾಲಿನ ಮೇಲಿರುವಾಗ. ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಶ್‌ನಲ್ಲಿ ತಿಕ್ಕಿಸಿ, ತೊಳೆದು, ಎರಡು ದಿನ ಬಿಸಿಲು ಕಂಡ ಮೇಲೆ ಶುರು ಮಾಡಿ. ಶೂ ತೊಟ್ಟು ಒಮ್ಮೆ ಕಾಲು ಎಳೆದು ನೋಡಿ. ಕೀಚ್ ಅಂತ ಹಿಡಿದರೆ ಸರಿ, ಸುಮ್ಮನೆ ಜಾರಿದರೆ ಇವತ್ತು ಬೇಡ.

ಬೋರ್ಡಿಗೂ ಮಳೆಗಾಲ ಆಗಿಬರುವುದಿಲ್ಲ. ಅದು ಮೇಪಲ್ ಮರದ ತೆಳು ಪದರಗಳನ್ನು ಅಂಟಿಸಿ ಮಾಡಿದ್ದು, ಸಾಮಾನ್ಯವಾಗಿ ಏಳು ಪದರ. ನೀರು ಕುಡಿದರೆ ಪದರ ಬಿಡುತ್ತದೆ, ಬಾಲದ ಪುಟಿತ ಹೋಗುತ್ತದೆ. ಒದ್ದೆಯಾದರೆ ಒರೆಸಿ, ಗೋಡೆಗೆ ಒರಗಿಸದೆ ಅಡ್ಡಕ್ಕೆ ಇಟ್ಟು, ನೆರಳಲ್ಲಿ ಒಣಗಿಸಿ. ಮಲ್ಪೆ, ಪಡುಬಿದ್ರಿ ಕಡೆಯ ಉಪ್ಪು ಗಾಳಿಗೆ ಬೇರಿಂಗ್ ತುಕ್ಕು ಹಿಡಿಯುವುದು ಇನ್ನೂ ಬೇಗ. ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಗರಗರ ಅಂದರೆ ಬೇರಿಂಗ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೆರಡು ಹನಿ ಬಿಡಿ. ತೆಂಗಿನೆಣ್ಣೆ ಹಾಕಬೇಡಿ. ಇಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು ಅಂತ ಗೊತ್ತು. ಆದರೆ ಬೇರಿಂಗಿನೊಳಗೆ ಅದು ಅಂಟಾಗಿ ಧೂಳೆಲ್ಲ ಕಟ್ಟಿಕೊಳ್ಳುತ್ತದೆ. ಬೇರಿಂಗ್ ತೀರಾ ಹೋಗಿದ್ದರೆ ಹೊಸದು ಹಾಕಿ. ಅಳತೆ 608, ಒಳಗೆ 8 ಮಿಲಿಮೀಟರ್, ಹೊರಗೆ 22. ಅದೇ ಅಳತೆ ಎಷ್ಟೋ ಮೆಷಿನ್‌ಗಳಿಗೆ ಬರುವುದರಿಂದ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಪೆಟ್ಟಿನ ಬಗ್ಗೆ ಎರಡು ಮಾತು. ಹೆಲ್ಮೆಟ್ ಇರಲೇಬೇಕು. ಅದರ ನಂತರ ನಿಮ್ಮ ವಯಸ್ಸಿಗೆ ನಾನು ಮಂಡಿ ಪ್ಯಾಡಿಗಿಂತ ಮೊದಲು ಮಣಿಕಟ್ಟಿನ ಗಾರ್ಡ್ ಕೊಳ್ಳಿ ಅನ್ನುತ್ತೇನೆ. ಬೀಳುವಾಗ ಕೈ ಚಾಚುವುದು ಎಲ್ಲರ ಸ್ವಭಾವ. ಅಂಗೈ ಊರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವು ಇದೆ ಅಂತಾದರೆ ಉಳುಕು ಅಂತ ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ. ಅಲ್ಲಿ ಸ್ಕಾಫಾಯಿಡ್ ಅನ್ನುವ ಸಣ್ಣ ಎಲುಬಿದೆ. ಅದು ಬಿರುಕು ಬಿಟ್ಟರೆ ಮೊದಲ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಕಾಣುವುದೇ ಇಲ್ಲ, ರಕ್ತ ಓಡಾಟ ಕಡಿಮೆ ಇರುವುದರಿಂದ ಕೂಡುವುದೂ ನಿಧಾನ. ಮೂಳೆ ಡಾಕ್ಟರಿಗೆ ಹೇಗೆ ಬಿದ್ದಿರಿ ಅಂತ ಸರಿಯಾಗಿ ಹೇಳಿ. ಇನ್ನು ಕಾಲಿಗೆ ಚಪ್ಪಟೆ ಅಡಿಯ ಶೂ. ಓಡುವ ಶೂಗಳ ದಪ್ಪ ಹಿಮ್ಮಡಿಯಲ್ಲಿ ಬೋರ್ಡ್ ಕಾಲಿಗೆ ಗೊತ್ತಾಗುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಹತ್ತುವವರನ್ನು ದಿನಾ ನೋಡುತ್ತೇನೆ, ಬೈದು ಸಾಕಾಗಿದೆ.

ಒಂದು ಕೊಸರು: ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುವ ಹುಡುಗರ ಪರಿಚಯ ಆದರೆ ಬಿಡಬೇಡಿ. ಹವಾಯಿಯ ಸರ್ಫರ್ ಲ್ಯಾರಿ ಬರ್ಟಲ್‌ಮನ್ ಅಲೆಯ ಮೇಲೆ ಕೈ ಊರಿ ಬಾಗುತ್ತಿದ್ದದ್ದನ್ನು ನೋಡಿ 70ರ ದಶಕದ ಸ್ಕೇಟರ್‌ಗಳು ಕಾಂಕ್ರೀಟಿನ ಮೇಲೆ ಅದನ್ನೇ ಮಾಡತೊಡಗಿದರು. ಬರ್ಟ್ ಸ್ಲೈಡ್ ಅಂತ ಈಗಲೂ ಹೇಳುತ್ತಾರೆ. ಕುಕ್ಕರಗಾಲಿಗೆ ಇಳಿದು, ಒಂದು ಕೈ ನೆಲಕ್ಕೆ ಕೊಟ್ಟು, ಬೋರ್ಡಿನ ಹಿಂಭಾಗವನ್ನು ಜಾರಿಸಿ ತಿರುಗಿಸುವುದು. ನಿಮಗೆ ಗಟ್ಟಿ ಚಕ್ರ ಬಂದ ಮೇಲೆ ಮಾಡಿ, ಕೈಗೆ ದಪ್ಪ ಗ್ಲೌಸ್ ಬೇಕು. ಸರ್ಫ್ ಮಾಡುವವರಿಗೆ ಮೈ ಯಾವಾಗ ಎಷ್ಟು ಬಗ್ಗಬೇಕು ಅನ್ನುವುದು ನೀರಿನಲ್ಲೇ ಗೊತ್ತಾಗಿರುತ್ತದೆ. ಅವರನ್ನು ನೋಡುತ್ತಾ ಕಲಿಯುವುದು ವಿಡಿಯೋಗಿಂತ ಬೇಗ.

ಮಗಳ ವಿಷಯ. ನಿಮ್ಮ ಬೋರ್ಡಿನಲ್ಲಿ ಅವಳನ್ನು ಹತ್ತಿಸಬೇಡಿ. 10 ಇಂಚಿನ ಬೋರ್ಡನ್ನು ಒಂಬತ್ತು ವರ್ಷದ ಪಾದ ವಾಲಿಸಲಾರದು, ಬಾಲ ಒತ್ತಲೂ ಅವಳ ಭಾರ ಸಾಲದು. 7.25ರಿಂದ 7.5 ಇಂಚಿನದ್ದು ಕೊಡಿಸಿ. ಆಟಿಕೆ ಅಂಗಡಿಯಲ್ಲಿ ಬರುವ ಪ್ಲಾಸ್ಟಿಕ್ ಟ್ರಕ್ಕಿನದ್ದು ಬೇಡ, ಅದು ತಿರುಗುವುದೇ ಇಲ್ಲ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಹೆಲ್ಮೆಟ್ ಅವಳ ತಲೆಗೆ ಸರಿಯಾದದ್ದು, ಮುಂದೆ ಬೆಳೆಯುತ್ತಾಳೆ ಅಂತ ದೊಡ್ಡದು ತರಬೇಡಿ. ಅವಳಿಗೂ ಇಳಿಯುವುದರಿಂದಲೇ ಶುರು ಮಾಡಿಸಿ, ಆಮೇಲೆ ಕೇವ್‌ಮನ್. ಬೋನ್‌ಲೆಸ್‌ಗೆ ಕೂರುವ ಮಂಡಿ ಅವಳಲ್ಲಿ ಈಗಲೇ ಇದೆ, ನಿಮಗಿಂತ ಮೊದಲೇ ಕಲಿತುಬಿಡುವ ಸಾಧ್ಯತೆ ಜಾಸ್ತಿ.